ರೊಟ್ಟಿಗೆ ಡಬ್ಬಿ ಯಾಕೆ? ನಮ್ಮ ಖಾನಾವಳಿಯ ಪಾರ್ಸೆಲ್ ಅನುಭವ

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿ, ಅನ್ನ, ಸಾರು, ಇಷ್ಟೇ. ಕೂತು ಉಣ್ಣುವವರಿಗಿಂತ ಈಗ ಕಟ್ಟಿಸಿಕೊಂಡು ಹೋಗುವವರೇ ಜಾಸ್ತಿ. ಹೀಗಾಗಿ ಪಾರ್ಸೆಲ್ ಕಟ್ಟುವುದು ಅಡುಗೆಯಷ್ಟೇ ದೊಡ್ಡ ಕೆಲಸ.

ಕಾನೂನು ಗೊತ್ತಿರಲಿ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಕ್ಯಾರಿಬ್ಯಾಗ್ ಎಲ್ಲಕ್ಕೂ 2016ರಲ್ಲೇ ನಿಷೇಧ ಬಂತು. 2022ರ ಜುಲೈ 1ರಿಂದ ದೇಶದ ತುಂಬ ತಟ್ಟೆ, ಲೋಟ, ಚಮಚ, ಸ್ಟ್ರಾಗಳು ಬಂದ್ ಆದವು. ಚೀಲಕ್ಕೆ ಮಾತ್ರ ಕೇಂದ್ರದ ನಿಯಮ ಕನಿಷ್ಠ 120 ಮೈಕ್ರಾನ್ ದಪ್ಪ ಇರಬೇಕು ಅನ್ನುತ್ತದೆ. ಅದನ್ನೇ ಹಿಡಿದುಕೊಂಡು "ದಪ್ಪಂದು ನಡೀತದ, ತೊಗೊಳ್ರೀ" ಅನ್ನುವ ವ್ಯಾಪಾರಿಗಳಿದ್ದಾರೆ. ಕರ್ನಾಟಕದಲ್ಲಿ ದಪ್ಪ ಎಷ್ಟೇ ಇರಲಿ, ಕ್ಯಾರಿಬ್ಯಾಗ್ ನಡೆಯುವುದಿಲ್ಲ.

ಎಲ್ಲರೂ ಕೇಳುವುದು ಒಂದೇ: ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಯಾವ ಡಬ್ಬಿ ತರಬೇಕು? ನಾನು ಅಲ್ಲಿಂದ ಶುರು ಮಾಡಲಿಲ್ಲ. ಯಾವ ಪದಾರ್ಥಕ್ಕೆ ಡಬ್ಬಿ ನಿಜವಾಗಿ ಬೇಕು ಅಂತ ಒಂದೊಂದಾಗಿ ನೋಡಿದೆ. ಅರ್ಧಕ್ಕೆ ಬೇಕಾಗಿಯೇ ಇರಲಿಲ್ಲ.

ರೊಟ್ಟಿಯನ್ನೇ ನೋಡಿ. ಬಿಸಿ ರೊಟ್ಟಿಯನ್ನು ಮುಚ್ಚಿದ ಡಬ್ಬಿಗೆ ಹಾಕಿದರೆ ಬೆವರುತ್ತದೆ. ಮುಚ್ಚಳದ ನೀರು ತೊಟ್ಟಿಕ್ಕಿ, ಮನೆ ಮುಟ್ಟುವಷ್ಟರಲ್ಲಿ ರೊಟ್ಟಿ ತೊಯ್ದಿರುತ್ತದೆ. ಈಗ ಹಂಚಿನಿಂದ ತೆಗೆದು ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಹರಡಿ, ಹಬೆ ಹೋದ ಮೇಲೆ ಕಂದು ಕಾಗದದಲ್ಲಿ ಸುತ್ತುತ್ತೇವೆ. ಕಡಕ್ ರೊಟ್ಟಿಗಂತೂ ಚಿಂತೆಯೇ ಇಲ್ಲ. ಹಿಂಡಿಗೆ ಕಾಗದದ ಪೊಟ್ಟಣ ಸಾಕು. ಹಳೇ ಪೇಪರ್ ಮಾತ್ರ ಬೇಡ. ಅದರ ಶಾಯಿ ಊಟಕ್ಕೆ ಹತ್ತುತ್ತದೆ, ಆಹಾರ ಸುರಕ್ಷತೆಯ ನಿಯಮದಲ್ಲೂ ಅದಕ್ಕೆ ನಿಷೇಧವಿದೆ.

ಝುಣಕ, ಪುಂಡಿ ಪಲ್ಯ ಗಟ್ಟಿ ಇರುತ್ತವೆ. ಅವಕ್ಕೆ ಮುತ್ತುಗದ ಎಲೆಯ ದೊನ್ನೆ, ಮೇಲೊಂದು ಎಲೆ, ಸುತ್ತ ಕಾಗದ. ನಮ್ಮ ಕಡೆ ಮದುವೆಯಲ್ಲಿ, ದಾಸೋಹದಲ್ಲಿ ಮುತ್ತುಗದ ಪತ್ರಾವಳಿಯ ಮೇಲೆ ಉಂಡವರಿಗೆ ಇದೇನು ಹೊಸದಲ್ಲ. ಮಳೆಗಾಲದಲ್ಲಿ ಎಲೆಗೆ ಬೂಷ್ಟು ಬರುತ್ತದೆ, ಅದೊಂದೇ ತೊಂದರೆ. ಬೇಸಿಗೆಯಲ್ಲೇ ಕೊಂಡು, ಒಣಗಿದ ಜಾಗದಲ್ಲಿ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಬಳಸುವ ಮುಂಚೆ ಒಂದೊಂದನ್ನೂ ತಿರುಗಿಸಿ ನೋಡಬೇಕು.

ಎಣ್ಣೆಗಾಯಿ ಸುಲಭದ ಗಿರಾಕಿ ಅಲ್ಲ. ಎಣ್ಣೆ ಮೇಲೆ ತೇಲಬೇಕು, ಇಲ್ಲದಿದ್ದರೆ ಕಲಬುರಗಿಯವರು ಅದನ್ನು ಎಣ್ಣೆಗಾಯಿ ಅಂತ ಒಪ್ಪುವುದಿಲ್ಲ! ಇದಕ್ಕೆ ಕಬ್ಬಿನ ಸಿಪ್ಪೆಯ ಡಬ್ಬಿ ತರಿಸಿದೆ. ಯಾರೇ ಮಾದರಿ ತಂದರೂ ನನ್ನ ಪರೀಕ್ಷೆ ಒಂದೇ. ಕುದಿಯುವ ಎಣ್ಣೆಗಾಯಿ ಹಾಕಿ, ಕೆಳಗೆ ಬಿಳಿ ಕಾಗದ ಇಟ್ಟು, ಒಂದು ತಾಸು ಬಿಡುತ್ತೇನೆ. ಕಾಗದದ ಮೇಲೆ ಕೆಂಪು ಕಲೆ ಮೂಡಿದರೆ ಅಥವಾ ಎತ್ತಿದಾಗ ತಳ ಬಾಗಿದರೆ ವಾಪಸ್. ಎಣ್ಣೆ ಹೀರಬಾರದು ಅಂತ ಕೆಲವು ಡಬ್ಬಿಗೆ ಪಿಎಫ್‌ಎಎಸ್ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದು ಮಣ್ಣಲ್ಲೂ ಕರಗುವುದಿಲ್ಲ, ಮೈಯಲ್ಲೂ ಬೇಗ ಕರಗುವುದಿಲ್ಲ. ಅದಿಲ್ಲ ಅಂತ ಬರೆದುಕೊಡಿ ಅನ್ನುತ್ತೇನೆ. ಕೊಡದವರ ಹತ್ತಿರ ಮಾಲು ತೆಗೆದುಕೊಳ್ಳುವುದಿಲ್ಲ.

ಸಾರು ಹಾಕಲು ಸ್ಟೀಲ್ ಡಬ್ಬಿ. ದಿನಾ ಬರುವ ಆಫೀಸಿನವರು, ಹಾಸ್ಟೆಲ್ ಹುಡುಗರು ಠೇವಣಿ ಇಟ್ಟು ಒಯ್ಯುತ್ತಾರೆ. ನಿನ್ನೆಯದು ಕೊಟ್ಟರೆ ಇವತ್ತಿನದು. "ಅಕ್ಕಾ, ಡಬ್ಬಿ ರೂಮಿನ್ಯಾಗ ಮರತು ಬಂದೀನ್ರೀ" ಅಂತ ಒಬ್ಬರಾದರೂ ಇದ್ದೇ ಇರುತ್ತಾರೆ. ಅಂಥವರಿಗೆ ಇನ್ನೊಂದು ಠೇವಣಿ. ಸಲಿಗೆ ಕೊಟ್ಟರೆ ಡಬ್ಬಿ ತಿರುಗಿ ಬರುವುದಿಲ್ಲ.

ಬಸ್ಸಿಗೆ ಹೋಗುವವರು, ಆ್ಯಪ್ ಆರ್ಡರ್‌ನವರು ಡಬ್ಬಿ ವಾಪಸ್ ಕೊಡಲಾರರು. ಅವರಿಗೆ ಸಾರು ಹಾಕಲು ಮಾತ್ರ ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವ ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಡಬ್ಬಿ. ಅದು ಬಿಸಿ ತಡೆಯುತ್ತದೆ, ತೊಳೆದು ಮನೆಯಲ್ಲಿ ಮತ್ತೆ ಬಳಸಬಹುದು. ಪ್ಲಾಸ್ಟಿಕ್ಕೇ ಅಲ್ವಾ ಅಂದರೆ, ಹೌದು.

"ಮಣ್ಣಲ್ಲಿ ಕರಗುತ್ತದೆ" ಅನ್ನುವ ಚೀಲಗಳನ್ನು ನಾನು ಕೊಳ್ಳುವುದಿಲ್ಲ. ಅಸಲಿ ಮಾಲಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರುತ್ತದೆ. ಆದರೆ ಅಂಥದ್ದರಲ್ಲೂ ಹೆಚ್ಚಿನವು ಕರಗುವುದು ಚೆನ್ನಾಗಿ ಕಾವು ಬರುವ ದೊಡ್ಡ ಗೊಬ್ಬರ ಘಟಕದಲ್ಲಿ. ನಮ್ಮ ಹಿತ್ತಲ ಗುಂಡಿಯಲ್ಲಿ ಹಾಗೇ ಬಿದ್ದಿರುತ್ತವೆ. ಬೇರೆ ಪ್ಲಾಸ್ಟಿಕ್ ಜೊತೆ ಗುಜರಿಗೆ ಹೋದರೆ ಆ ಮಾಲನ್ನೂ ಕೆಡಿಸುತ್ತವೆ. ಬಟ್ಟೆ ಚೀಲ ತನ್ನಿ ಅಂತ ಬಾಗಿಲಲ್ಲೇ ಬರೆದು ಹಾಕಿದ್ದೇನೆ.

ಕಸದ ವಿಷಯದಲ್ಲಿ ಗುಜರಿಯವನೇ ನನ್ನ ಗುರು. "ಅನ್ನ ಹತ್ತಿದ್ದು ತೊಗೊಳ್ಳಂಗಿಲ್ರೀ ಅಕ್ಕಾ" ಅಂದ. ಆವತ್ತಿನಿಂದ ಪಾತ್ರೆ ತೊಳೆಯುವ ಜಾಗದಲ್ಲೇ ಮೂರು ಡ್ರಮ್ಮು: ಎಲೆ-ಎಂಜಲಿಗೆ ಒಂದು, ರಟ್ಟು-ಕಾಗದಕ್ಕೆ ಒಂದು, ಹಾಲಿನ ಪಾಕೆಟ್ಟು, ಎಣ್ಣೆ ಪಾಕೆಟ್ಟು, ಡಬ್ಬಿಗಳಿಗೆ ಒಂದು. ಪಾಕೆಟ್ಟನ್ನು ಪಾತ್ರೆ ತೊಳೆದ ನೀರಲ್ಲೇ ಜಾಲಿಸಿ, ಹಗ್ಗಕ್ಕೆ ಸಿಕ್ಕಿಸಿ ಒಣಗಿಸುತ್ತೇವೆ. ನಮ್ಮೂರ ಬಿಸಿಲಿಗೆ ಬೇಗ ಒಣಗುತ್ತವೆ. ಚಹಾದ ಕಾಗದದ ಕಪ್ಪನ್ನು ಮಾತ್ರ ಅವನೂ ಒಯ್ಯುವುದಿಲ್ಲ. ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿಡಿಸುವುದು ಕಷ್ಟ. ಅದಕ್ಕೇ ಚಹಾ ಗಾಜಿನ ಲೋಟದಲ್ಲಿ ಕೊಡುತ್ತೇವೆ, ಪಾರ್ಸೆಲ್ ಬೇಕಾದವರು ಥರ್ಮಾಸ್ ತರುತ್ತಾರೆ.

ಖರ್ಚು? ಕಬ್ಬಿನ ಸಿಪ್ಪೆಯ ಡಬ್ಬಿ ದುಬಾರಿ, ಸುಳ್ಳು ಹೇಳುವುದಿಲ್ಲ. ಆದರೆ ರೊಟ್ಟಿ, ಹಿಂಡಿ, ಪಲ್ಯಕ್ಕೆ ಡಬ್ಬಿ ತಪ್ಪಿದ್ದರಿಂದ ಒಟ್ಟು ಲೆಕ್ಕ ಹೆಚ್ಚು ಕಡಿಮೆ ಸರಿಹೋಗಿದೆ. ಎಣ್ಣೆಗಾಯಿ ಪಾರ್ಸೆಲ್‌ಗೆ ಮಾತ್ರ ಡಬ್ಬಿಯ ದುಡ್ಡು ಬೇರೆ. ಮನೆಯಿಂದ ಡಬ್ಬಿ ತಂದವರಿಗೆ ಅದಿಲ್ಲ, ಮೇಲೆ ಒಂದು ಚಮಚ ಹಿಂಡಿ ಜಾಸ್ತಿ.