ನಮ್ಮ ಅಂಗಡಿ ಬಿಲ್ ಬುಕ್ ಮತ್ತ ಪ್ರತ್ಯೇಕ ಜೀವನ, ನನ್ನ ಅನುಭವ

ಎಲ್ಲಾರಿಗೂ ಕ್ರಿಸ್ತನಲ್ಲಿ ವಂದನೆಗಳು. ನಾನು ಹುಬ್ಬಳ್ಯಾಗ ಸಣ್ಣ ಎಲೆಕ್ಟ್ರಿಕಲ್ ಅಂಗಡಿ ನಡಸ್ತೀನಿ, ವೈರು, ಸ್ವಿಚ್ಚು, ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಆಫ್ ಆಗೋ ಸ್ವಿಚ್ಚು), ಪೈಪು ಇಂಥಾವು. ಸ್ವಿಟ್ಜರ್‌ಲ್ಯಾಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1839ರಾಗ ಇಲ್ಲಿ ಕೆಲಸ ಶುರು ಮಾಡಿದ್ರು, ನಮ್ಮದು ಅದೇ ಪರಂಪರೆಯ ಸಭೆ, ಅಂದ್ರ ಚರ್ಚು, ಹಂಗಾಗಿ ನಾವು ಲೋಕದವರ ಹಂಗ ಇರಬಾರದು, ಪ್ರತ್ಯೇಕ ಜೀವನ ನಡಸಬೇಕು ಅನ್ನೋ ಮಾತು ಸಣ್ಣಾವ ಇದ್ದಾಗಿಂದ ಕೇಳಕೋತ ಬಂದೀನಿ. ನಮ್ಮ ಮನ್ಯಾಗ ಅಂದ್ರ ಕುಡಿಯಂಗಿಲ್ಲ, ಗುಟ್ಕಾ ಇಲ್ಲ, ಟಾಕೀಸಿಗೆ ಹೋಗಂಗಿಲ್ಲ, ರವಿವಾರ ಅಂಗಡಿ ತೆಗಿಯಂಗಿಲ್ಲ. ಎಲ್ಲಾ ಪಾಲಿಸ್ತಿದ್ದೆ, ನಾನು ಬ್ಯಾರೆನ ಅದೀನಿ ಅಂತ ಸಮಾಧಾನನೂ ಇತ್ತು.

ಆದ್ರ ಅಂಗಡ್ಯಾಗ ಏನು ನಡೀತಿತ್ತು ಅಂದ್ರ, ವೈರಿನ ಕಾಯಿಲ್ ಮ್ಯಾಲ ಲಿಸ್ಟ್ ರೇಟಿಗೆ 35 ಪರ್ಸೆಂಟ್ ಡಿಸ್ಕೌಂಟ್ ಕೊಡಾಕ ಬರ್ತೈತಿ ಅಂತ ಇಟಗೋರಿ, ಮನಿ ಮಾಲಕರ ಬಿಲ್ಲಿನ್ಯಾಗ 25 ಅಂತ ಹಾಕ್ತೀವಿ, ಉಳಿದ 10 ಅವರನ್ನ ಕರಕೊಂಡು ಬಂದ ಎಲೆಕ್ಟ್ರಿಷಿಯನ್‌ಗೆ ಸಂಜೀ ಮುಂದ ಕವರ್‌ನ್ಯಾಗ ಹೋಗ್ತೈತಿ. ಧಂದೆಯೊಳಗ ಇದ್ದವರಿಗೆ ಇದು ಹೊಸಾದಲ್ಲ. ನಾನೂ ಮಾಡಿದೆ, ಹನ್ನೊಂದು ವರ್ಷ.

ನಮ್ಮ ಸಭೆಯ ಒಬ್ಬ ಅಣ್ಣಾವ್ರು ಮನಿ ಕಟ್ಟಿಸಿದ್ರು, ಸಾಮಾನೆಲ್ಲಾ ನಮ್ಮಲ್ಲೇ. ಹೊಸ ಮನಿ ಪ್ರಾರ್ಥನೆ ದಿನ ಅಯ್ಯನವರು (ನಮ್ಮ ಸಭೆಯ ಪಾಸ್ಟರ್) ನನ್ನ ಕೈಗೆ ಬೈಬಲ್ ಕೊಟ್ಟು 15ನೇ ಕೀರ್ತನೆ ಓದು ಅಂದ್ರು. ದೇವರ ಗುಡಾರದಾಗ ಇರಾವ ಯಾರು ಅಂತ ಕೇಳೋ ಕೀರ್ತನೆ ಅದು, ಮನಸಿನಿಂದ ಸತ್ಯ ಆಡಾವ, ನೆರೆಯವರಿಗೆ ಕೇಡು ಮಾಡದಾವ, ನಷ್ಟ ಆದ್ರೂ ಮಾತು ತಪ್ಪದಾವ, ಲಂಚ ಮುಟ್ಟದಾವ ಅಂತ ಹೇಳಕೋತ ಹೋಗ್ತೈತಿ. ಓದಕೋತ ಕಣ್ಣೆತ್ತಿದ್ರ ಎದುರಿನ ಗ್ವಾಡಿ ಮ್ಯಾಲ ನಾನೇ ಕೊಟ್ಟ ಸ್ವಿಚ್ ಬೋರ್ಡು, ಪ್ಲಾಸ್ಟಿಕ್ ಹಾಳಿ ಇನ್ನೂ ಕಿತ್ತಿರಲಿಲ್ಲ, ಅದರ ರೇಟಿನ್ಯಾಗ ಎಷ್ಟು ಏರಿಸಿದ್ದೆ ಅಂತ ನನಗ ಬಾಯಿಪಾಠ ಇತ್ತು. ಧ್ವನಿ ನಿಂತುಬಿಡ್ತು. ಸೋಮವಾರ ಆ ಅಣ್ಣಾವ್ರ ಹತ್ರ 9,200 ರೂಪಾಯಿ ತಗೊಂಡು ಹೋಗಿ ಎಲ್ಲಾ ಹೇಳಿದೆ. ಬಾಳ ಹೊತ್ತು ಅವರು ಏನೂ ಅನ್ನಲಿಲ್ಲ, ಆಮ್ಯಾಲ ರೊಕ್ಕ ಎಣಿಸಿ ತಗೊಂಡ್ರು. ಎಣಿಸಿದ್ದ ಚಲೋ ಆತು, ಇರಲಿ ಬಿಡು ಅಂದಿದ್ರ ನಾನು ಮತ್ತ ಹಳೇ ದಾರಿನ ಹಿಡೀತಿದ್ದೆ.

ಆ ವಾರ ಎಲೆಕ್ಟ್ರಿಷಿಯನ್‌ಗಳಿಗೆ ಒಬ್ಬೊಬ್ಬರಿಗೆ ಹೇಳಿದೆ, ಇನ್ನ ಮ್ಯಾಲ ಪೂರ್ತಿ ಡಿಸ್ಕೌಂಟ್ ಬಿಲ್ಲಿನ್ಯಾಗ ಬರ್ತೈತಿ, ನಿಮ್ಮ ಕೂಲಿ ಮಾಲಕರ ಹತ್ರ ಬಾಯಿಬಿಟ್ಟು ಕೇಳ್ರಿ, ಬೇಕಿದ್ರ ನಾನೂ ಅವರಿಗೆ ಹೇಳ್ತೀನಿ. ಅವರ ಮ್ಯಾಲ ನನಗ ಸಿಟ್ಟಿಲ್ಲ, ಮಾಲಕರು ಒಂದೊಂದು ಲೈಟು, ಸ್ವಿಚ್ಚಿನ ಪಾಯಿಂಟಿನ ಕೂಲಿ ಚೌಕಾಸಿ ಮಾಡಿ ಮಾಡಿ ಇಳಿಸ್ತಾರ, ಅದನ್ನ ಅವರು ಇಲ್ಲಿ ತುಂಬಿಕೊಳ್ತಾರ. ಹದಿನಾಲ್ಕು ಮಂದ್ಯಾಗ ಮೂರು ಮಂದಿ ಉಳದ್ರು. "ಬಿಲ್ ಬ್ಯಾಡ್ರಿ, ಹಂಗ ಕೊಡ್ರಿ, 18 ಪರ್ಸೆಂಟ್ ಜಿಎಸ್‌ಟಿ ಉಳೀತೈತಿ" ಅನ್ನೋ ಗಿರಾಕಿಗೂ ಆಗಂಗಿಲ್ಲ ಅಂದೆ. ಒಂದು ವರ್ಷ ಬಾಳ ತ್ರಾಸ ಆತು, ಮನಿಯವಳ ಬಂಗಾರ ಒತ್ತಿ ಇಟ್ಟು ಮಗಳ ಫೀ ಕಟ್ಟಿದ್ವಿ. ದೇವರು ಹತ್ತು ಪಟ್ಟು ಕೊಟ್ರು ಅಂತ ಸಾಕ್ಷಿ ಹೇಳಾಕ ನನಗ ಬರಂಗಿಲ್ಲ, ಹಂಗ ಆಗಿಲ್ಲ, ವ್ಯಾಪಾರ ಇವತ್ತಿಗೂ ಮೊದಲಿನಷ್ಟಿಲ್ಲ.

ಇನ್ನೊಂದು ಹೇಳಬೇಕು. ದೀಪಾವಳಿಗೆ ನಮ್ಮ ಲೈನಿನ್ಯಾಗ ಎಲ್ಲಾ ಅಂಗಡ್ಯಾಗೂ ಲಕ್ಷ್ಮೀ ಪೂಜಿ, ಮೊದಲೆಲ್ಲಾ ಆ ದಿನ ನಾನು ಶಟರ್ ಎಳದು ಮನಿಗೆ ಹೋಗ್ತಿದ್ದೆ, ಅದನ್ನ ಪ್ರತ್ಯೇಕತೆ ಅನ್ಕೊಂಡಿದ್ದೆ, ಬಾಜೂ ಅಂಗಡಿ ಕಾಕಾರಿಗೆ ಎಷ್ಟು ನೋವಾಗಿತ್ತು ಅಂತ ಆಮ್ಯಾಲ ಗೊತ್ತಾತು. ಬೈಬಲಿನ ಯೋಹಾನ 17ನೇ ಅಧ್ಯಾಯದಾಗ ಯೇಸುಸ್ವಾಮಿ ತಮ್ಮ ಶಿಷ್ಯರನ್ನ ಲೋಕದಿಂದ ತಗೊಂಡು ಹೋಗು ಅಂತ ಬೇಡಲಿಲ್ಲ, ಕೇಡಿನಿಂದ ಕಾಪಾಡು ಅಂತ ಬೇಡಿಕೊಂಡ್ರು. ಬೈಬಲ್‌ನ್ಯಾಗ ಸೆರೆಯಾಗಿ ಬಾಬೆಲಿಗೆ ಹೋದ ದಾನಿಯೇಲ ಅಲ್ಲಿನ ಭಾಷೆ ಕಲಿತ, ಅರಮನಿ ನೌಕರಿ ಮಾಡಿದ, ಅವರು ಇಟ್ಟ ಹೆಸರಿಗೂ ಓಗೊಟ್ಟ, ರಾಜನ ಊಟದ ಹತ್ರ ಬಂದಾಗ ಬ್ಯಾಡ ಅಂದ, ಅದೂ ಅಧಿಕಾರಿಗೆ ಹತ್ತು ದಿನ ಪರೀಕ್ಷೆ ಮಾಡಿ ನೋಡ್ರಿ ಅಂತ ವಿನಯದಿಂದ ಕೇಳಿ. ನಾನೂ ಕಾಕಾರ ಮುಂದ ಕುಂತು ಹೇಳಿದೆ, ಪೂಜಿಗೆ ಇಟ್ಟಿದ್ದು ನಾನು ತಿನ್ನಂಗಿಲ್ರಿ, ನಿಮ್ಮ ಮ್ಯಾಲಿನ ಗೌರವಕ್ಕ ಕಮ್ಮಿ ಇಲ್ಲ. ಈಗ ಪೂಜಿ ಮುಗದ ಮ್ಯಾಲ ಹೋಗಿ ಅವರ ಅಂಗಡ್ಯಾಗ ಕುಂದರ್ತೀನಿ, ಅವರು ಧಾರವಾಡ ಪೇಡೆ ಡಬ್ಬಿ ಕೈಗೆ ಕೊಟ್ಟು "ತಮ್ಮಾ, ಇದು ಪೂಜಿಗಿಂತ ಮೊದಲ ತೆಗೆದಿಟ್ಟದ್ದು, ತಿನ್ನು" ಅಂತಾರ. ಕ್ರಿಸ್ಮಸ್‌ಗೆ ನಮ್ಮ ಮನಿ ಕರ್ಚಿಕಾಯಿ ಅವರ ಮನಿಗೆ ಹೋಗ್ತಾವ.

ದಿನಾ ರಾತ್ರಿ ಶಟರ್ ಹಾಕೋಕಿಂತ ಮೊದಲ ಅವತ್ತಿನ ಒಂದೊಂದ ಬಿಲ್ ತಿರುವಿ ನೋಡಿ, ಬುಕ್ ಮ್ಯಾಲ ಕೈ ಇಟ್ಟು ಪ್ರಾರ್ಥನೆ ಮಾಡ್ತೀನಿ. ಹೋದ ಶನಿವಾರ ಒಂದು ಎಂಸಿಬಿಗೆ 40 ರೂಪಾಯಿ ಹೆಚ್ಚ ಬಿದ್ದಿತ್ತು, ಗಿರಾಕಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ, ರೊಕ್ಕ ಕವರ್‌ನ್ಯಾಗ ಹಾಕಿ ಅವರ ಹೆಸರು ಬರದು ಡ್ರಾದಾಗ ಇಟ್ಟೀನಿ.