ನಗುತ್ತಾ ಹಾಕಿದ ಸಹಿ

ಅದು ನನ್ನ ಎರಡನೆಯ ವಿಪಶ್ಯನಾ ಧ್ಯಾನ ಶಿಬಿರದ ಐದನೆಯ ದಿನ. ಅಧಿಟ್ಠಾನದ ಒಂದು ಗಂಟೆ: ಕೈ, ಕಾಲು, ಕಣ್ಣು ಯಾವುದನ್ನೂ ಬಿಚ್ಚದೆ ಕೂರಬೇಕು. ಮೊಣಕಾಲು ನೋವು, ಬೆನ್ನು ಸೆಳೆತ ಅಲ್ಲಿ ಎಲ್ಲರ ಪಾಡು. ನನಗೆ ನೋಯುತ್ತಿದ್ದದ್ದು ಕೆನ್ನೆ. ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ ಹಗ್ಗ ಹಾಕಿ ಬಿಗಿದಂತೆ. ಗಮನವನ್ನು ಅಲ್ಲಿಗೆ ಒಯ್ದಾಗ ಗೊತ್ತಾಯಿತು, ಕಣ್ಣು ಮುಚ್ಚಿಕೊಂಡು ಕುಳಿತ ನಾನು ನಗುಮುಖ ಮಾಡಿಕೊಂಡಿದ್ದೆ. ಯಾರೂ ನೋಡದ ಕತ್ತಲಲ್ಲಿ, ಯಾರಿಗೋ ತೋರಿಸುವ ನಗು.

ಆ ನಗು ನನಗೆ ಪರಿಚಯದ್ದೇ. 2009ರಲ್ಲಿ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಾಗಲೂ ಅದನ್ನೇ ಹೊತ್ತಿದ್ದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಅಂದಿನಿಂದ ಅಣ್ಣಂದಿರಿಗೆ ತಂಗಿಯರ ಹೆಬ್ಬೆಟ್ಟು ಬೇಕಾಯಿತು. ಅಪ್ಪ ತೀರಿಕೊಂಡ ವರ್ಷವೇ ಅಣ್ಣ ಕರೆದ. ಚನ್ನಗಿರಿ ಕಡೆಯ ಎರಡೂವರೆ ಎಕರೆ ಅಡಿಕೆ ತೋಟ. ಅರಿಶಿನ ಕುಂಕುಮಕ್ಕೆಂದು ಇಪ್ಪತ್ತೈದು ಸಾವಿರ ರೂಪಾಯಿ, ಒಂದು ರೇಷ್ಮೆ ಸೀರೆ. ಕಂಪ್ಯೂಟರಿನ ಮುಂದೆ ಕೂರಿಸಿ ಫೋಟೊ ತೆಗೆದರು. ಪತ್ರದ ಪ್ರತಿಯಲ್ಲಿ ಆ ಫೋಟೊ ಈಗಲೂ ಇದೆ, ಹಲ್ಲು ಕಾಣುವಂತೆ ನಕ್ಕಿದ್ದೇನೆ. ‘ತಂಗಿ ಅಂದರೆ ಇವಳು’ ಎಂದು ಪತ್ರ ಬರೆದವರೂ ಹೊಗಳಿದರು.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಸಿಟ್ಟು ಮಾಡುತ್ತಿರಲಿಲ್ಲ. ‘ಕಳಬೇಡ ಕೊಲಬೇಡ’ ವಚನದ ಏಳು ಬೇಡಗಳಲ್ಲಿ ನಾಲ್ಕನೆಯದು ‘ಮುನಿಯಬೇಡ’. ಅಮ್ಮ ಉಳಿದ ಆರನ್ನು ಇಬ್ಬರಿಗೂ ಹೇಳಿಕೊಟ್ಟಳು, ಅದೊಂದನ್ನು ಮಾತ್ರ ಹೆಚ್ಚಾಗಿ ನನಗೆ.

ಹೀಗಿದ್ದವಳ ಕೈಗೆ ಧ್ಯಾನ ಸಿಕ್ಕರೆ ಏನಾಗುತ್ತದೆ? ಒಳ್ಳೆಯ ಗಟ್ಟಿ ಮುಚ್ಚಳ ಸಿಕ್ಕಂತಾಗುತ್ತದೆ. 2011ರ ಮೊದಲ ಶಿಬಿರದಲ್ಲಿ ನನಗೆ ದೊಡ್ಡ ಅನುಭವವೇ ಆಗಿತ್ತು. ಮೊದಲ ಮೂರು ದಿನ ಆನಾಪಾನ, ಮೂಗಿನ ಹೊಳ್ಳೆಯ ಕೆಳಗಿನ ಉಸಿರಿನ ಗಮನ. ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳ ವೀಕ್ಷಣೆ. ಎಂಟನೆಯ ದಿನ ಮೈಯೆಲ್ಲ ಕರಗಿ ಹರಿದಂತಾಯಿತು, ಸುಮ್ಮನೆ ಕಣ್ಣೀರು ಇಳಿಯಿತು. ಊರಿಗೆ ಬಂದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತಪ್ಪದೆ ಕೂರುತ್ತಿದ್ದೆ. ಅಣ್ಣನ ನೆನಪಾಗಿ ಹೊಟ್ಟೆ ಬಿಸಿಯಾದರೆ ‘ಅನಿಚ್ಚ, ಅನಿಚ್ಚ, ಇದೂ ಹೋಗುತ್ತದೆ’ ಎನ್ನುತ್ತಿದ್ದೆ. ಹೋಗುತ್ತಿತ್ತು ಕೂಡ. ಆಮೇಲೆ ಮಗನ ಮೇಲೆ, ತರಕಾರಿಯವನ ಮೇಲೆ ಎರಗುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ ಇದಕ್ಕೆ ‘ಆಧ್ಯಾತ್ಮಿಕ ಬೈಪಾಸ್’ ಎಂದು ಹೆಸರಿಟ್ಟರಂತೆ. ಊರೊಳಗಿನ ಗದ್ದಲ ಬೇಡವೆಂದು ಊರನ್ನೇ ಬಳಸಿ ಹೋಗುವ ರಸ್ತೆ. ಓದಿದಾಗ ನನ್ನ ವಿಳಾಸ ಬರೆದಂತಿತ್ತು.

ಎರಡನೆಯ ಶಿಬಿರದಲ್ಲಿ ಮಧ್ಯಾಹ್ನದ ಭೇಟಿಯ ಹೊತ್ತಿಗೆ ಆಚಾರ್ಯರಲ್ಲಿ ಕೆನ್ನೆಯ ಬಿಗಿತದ ವಿಷಯ ಹೇಳಿದೆ. ‘ಅದು ಹೋಗಲಿ ಎಂದು ನೋಡುತ್ತಿದ್ದೀರೋ, ಸುಮ್ಮನೆ ನೋಡುತ್ತಿದ್ದೀರೋ?’ ಎಂದಷ್ಟೇ ಕೇಳಿದರು. ಸಂಜೆಯ ಕೂರುವಿಕೆಯಲ್ಲಿ ಕೆನ್ನೆಯನ್ನು ಸಡಿಲ ಬಿಟ್ಟೆ. ನಗು ಇಳಿಯಿತು. ಅದರ ಹಿಂದೆಯೇ ಸಿಟ್ಟು ಬಂದೇ ಬಂತು. ಹಲ್ಲು ಕಡಿಯುವಂಥದ್ದು, ಅಣ್ಣನ ಹೆಸರು ಹಿಡಿದು ಕೂಗಬೇಕೆನಿಸುವಂಥದ್ದು. ಆರ್ಯಮೌನದ ನಿಯಮ ಇಲ್ಲದಿದ್ದರೆ ಕೂಗಿಯೂಬಿಡುತ್ತಿದ್ದೆನೋ ಏನೋ.

ಆಗ ಹೊಳೆದದ್ದು ಒಂದು ಸಣ್ಣ ವಿಷಯ. ನಾವು ‘ಸಿಟ್ಟು ಬಂತು’ ಎನ್ನುತ್ತೇವೆ, ಬೀದಿಯಿಂದ ಯಾರೋ ಒಳಗೆ ಬಂದಂತೆ. ಬಂದದ್ದನ್ನು ಕಳಿಸುವುದು ಸುಲಭ. ನಾನು ಕ್ರಿಯಾಪದ ಬದಲಿಸಿದೆ: ‘ಸಿಟ್ಟು ಇದೆ. 2009ರಿಂದಲೂ ಇತ್ತು.’ ಬುದ್ಧನ ಉಪದೇಶವಾದ ‘ಸತಿಪಟ್ಠಾನ ಸುತ್ತ’ದಲ್ಲಿ ಚಿತ್ತಾನುಪಸ್ಸನೆಯ, ಅಂದರೆ ಮನಸ್ಸನ್ನು ನೋಡುವ, ಭಾಗವೂ ದ್ವೇಷ ತುಂಬಿದ ಚಿತ್ತವನ್ನು ದ್ವೇಷ ತುಂಬಿದ ಚಿತ್ತವೆಂದೇ ಅರಿಯಿರಿ ಎನ್ನುತ್ತದೆ. ಅದನ್ನು ಎಷ್ಟು ಸಲ ಕೇಳಿದ್ದರೂ ‘ಅರಿತು ಓಡಿಸಿರಿ’ ಎಂದೇ ನನ್ನ ಕಿವಿಗೆ ಬೀಳುತ್ತಿತ್ತು.

ಸಿಟ್ಟನ್ನು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಾಗಲಿಲ್ಲ. ಅನ್ಯಾಯವಾದವಳ ಸಿಟ್ಟಿಗೆ ಒಂದು ಗೌರವವಿದೆ. ನಿಜವಾದ ಪೇಚಾಟ ಶುರುವಾದದ್ದು ಮನೆಗೆ ಬಂದ ಮೇಲೆ. ಬೆಳಗಿನ ಧ್ಯಾನ ಮುಗಿದೊಡನೆ ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆಯುವ ಅಭ್ಯಾಸ ಇಟ್ಟುಕೊಂಡೆ. ಪ್ರತಿ ಸಾಲೂ ‘ನನಗೆ’ ಎಂದು ಶುರುವಾಗಬೇಕು, ‘ಇದೆ’ ಅಥವಾ ‘ಬೇಕು’ ಎಂದು ಮುಗಿಯಬೇಕು, ‘ಆದರೆ’ ಬರಕೂಡದು. ಮೊದಲ ವಾರ ಸಿಟ್ಟು, ಸಿಟ್ಟು, ಸಿಟ್ಟು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಪೆನ್ನು ತಾನಾಗಿ ಬರೆಯಿತು: ‘ನನಗೆ ಆ ತೋಟ ಬೇಕು.’

ನಾಚಿಕೆಯಿಂದ ನೋಟ್‌ಬುಕ್ ಮುಚ್ಚಿಬಿಟ್ಟೆ. ಆಸ್ತಿಯ ಆಸೆ ಇಲ್ಲದವಳು ಎಂಬುದೇ ನನ್ನ ದೊಡ್ಡಸ್ತಿಕೆಯಾಗಿತ್ತು; ಧ್ಯಾನ ಮಾಡುವವಳು ಎಂಬ ಬಿರುದು ಅದರ ಮೇಲೆ ಸೇರಿಕೊಂಡಿತ್ತು. ಮಾರನೆಯ ದಿನ ಅದನ್ನೇ ಮತ್ತೆ ಬರೆದೆ. ಬರೆದು, ಆ ಸಾಲನ್ನು ಓದುವಾಗ ಮೈಯಲ್ಲಿ ಏನಾಗುತ್ತದೆಂದು ಹತ್ತು ನಿಮಿಷ ನೋಡಿದೆ. ಗಂಟಲಲ್ಲಿ ಗಂಟು. ಅಪ್ಪನ ಜೊತೆ ಬಾವಿಯ ಕಟ್ಟೆಯ ಮೇಲೆ ಕುಳಿತು ಹಸಿ ಅಡಿಕೆ ಎಣಿಸಿದ ನೆನಪು. ಅತ್ತಿಗೆಯ ಮೇಲಿನ ಹೊಟ್ಟೆಕಿಚ್ಚೂ ಅದರ ಜೊತೆಗೆ ಬಂತು. ಅದಕ್ಕೂ ಒಂದು ಸಾಲು ಕೊಟ್ಟೆ. ಸುಮಾರು ನಾಲ್ಕು ತಿಂಗಳು ಹೀಗೆ ನಡೆಯಿತು. ಕ್ರೋಧ, ಲೋಭ, ಮತ್ಸರ, ಅರಿಷಡ್ವರ್ಗದಲ್ಲಿ ಅರ್ಧ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ‘ಅರಿ’ ಎಂದರೆ ಶತ್ರು. ತೋಟ ಬೇಕೆಂದು ಅಳುತ್ತಿದ್ದ ಆ ಹುಡುಗಿಯನ್ನು ಹಾಗೆ ಕರೆಯಲು ಮನಸ್ಸಾಗಲಿಲ್ಲ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನನ್ನೊಳಗೆ ಇದ್ದದ್ದು ಸಾಧಾರಣ ಮನೆಯ ಸಿಟ್ಟು. ದೊಡ್ಡ ಆಘಾತ ಉಂಡವರು ಮುಚ್ಚಳವನ್ನು ಒಬ್ಬರೇ ತೆಗೆಯಲು ಹೋಗಬಾರದು. ನಿದ್ದೆ ಕೆಟ್ಟರೆ, ಭಯ ಹತ್ತಿದರೆ ಶಿಬಿರದ ಮಧ್ಯದಲ್ಲಾದರೂ ಹೇಳಿ ನಿಲ್ಲಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ತೋಟ ವಾಪಸ್ ಕೇಳಲಿಲ್ಲ. ಸಹಿ ನನ್ನದೇ, ಯಾರೂ ಕೈ ಹಿಡಿದು ಹಾಕಿಸಿರಲಿಲ್ಲ. ಆದರೆ ಮುಂದಿನ ಪಂಚಮಿಗೆ ತವರಿಗೆ ಹೋದಾಗ, ಅತ್ತಿಗೆ ಶೇಂಗಾ ಉಂಡಿಯ ತಟ್ಟೆ ಇಟ್ಟು ಒಳಗೆ ಹೋದ ಮೇಲೆ, ಅಣ್ಣನಿಗೆ ಹೇಳಿದೆ: ‘ಅವತ್ತು ಸಹಿ ಹಾಕುವಾಗ ನನಗೆ ಸಿಟ್ಟಿತ್ತು ಅಣ್ಣ. ತೋಟದ ಮೇಲೆ ಆಸೆಯೂ ಇತ್ತು.’ ದನಿ ನಡುಗಿತು, ಕೆನ್ನೆ ಬಿಗಿಯಲಿಲ್ಲ.

ಅಣ್ಣ ಉಂಡಿ ಮುರಿಯುತ್ತಿದ್ದವನು ಹಾಗೆಯೇ ಕೈ ನಿಲ್ಲಿಸಿ ಬಹಳ ಹೊತ್ತು ನನ್ನ ಮುಖ ನೋಡಿದ.

‘ನೀನು ನಗುತ್ತಿದ್ದೆಯಲ್ಲೇ?’ ಎಂದ.