ಮನೆಯಿಂದಲೇ ನಡೆಸುವ ನೇರ ಮಾರಾಟಕ್ಕೆ ಬಂಧುಗಳನ್ನು ಸೇರಿಸಿಕೊಳ್ಳುವ ಬಗೆ

ಸೌಂದರ್ಯವರ್ಧಕ, ಪೌಷ್ಟಿಕ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್, ಅಡುಗೆಮನೆಯ ಡಬ್ಬಿ ಮುಂತಾದವನ್ನು ಮನೆಯಿಂದಲೇ ಮಾರುವ ನೇರ ಮಾರಾಟದ ಕೆಲಸಕ್ಕೆ ಇಳಿದವರಿಗೆ ಅಪ್‌ಲೈನ್‌ನವರು (ಅಂದರೆ ತಮ್ಮ ಕೆಳಗೆ ಇವರನ್ನು ಸೇರಿಸಿ, ಇವರ ವ್ಯಾಪಾರದ ಮೇಲೆ ಕಮಿಷನ್ ಪಡೆಯುವವರು) ಸಾಮಾನ್ಯವಾಗಿ ಮೊದಲು ಹೇಳುವುದು, ಬಂಧುಗಳ ಮತ್ತು ಪರಿಚಯಸ್ಥರ ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ ಎಂದು. ಪಟ್ಟಿ ಬರೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಅತ್ತಿಗೆಯೋ ಓರಗಿತ್ತಿಯೋ ಸೋದರತ್ತೆಯ ಮಗಳೋ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸೇರಿದರೆ, ಆ ವ್ಯಾಪಾರ ಎರಡು ಮೂರು ತಿಂಗಳಲ್ಲಿ ನಿಲ್ಲುತ್ತದೆ. ಅದರ ಕಹಿ ಮಾತ್ರ ಮುಂದಿನ ಪ್ರತಿಯೊಂದು ಮದುವೆ ಮನೆಯಲ್ಲೂ ಎದುರಾಗುತ್ತದೆ. ಆದ್ದರಿಂದ ಯಾರನ್ನೇ ಕರೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಇವರು ತಮ್ಮ ಕೆಳಗೆ ಒಬ್ಬರನ್ನೂ ಸೇರಿಸದೆ, ಕೇವಲ ಸರಕನ್ನು ಹೊರಗಿನವರಿಗೆ ಮಾರಿ, ತಮ್ಮ ಶ್ರಮಕ್ಕೆ ತಕ್ಕಷ್ಟು ಸಂಪಾದಿಸಬಲ್ಲರೇ? ಹೌದು ಎನ್ನಲು ಸಾಧ್ಯವಾದರೆ ಮಾತ್ರ ಕರೆಯಿರಿ.

ಕಂಪನಿಯನ್ನು ಪರೀಕ್ಷಿಸುವ ಕೆಲಸ ನಿಮ್ಮದೇ. ಅದನ್ನು ಬಂಧುಗಳ ತಲೆಗೆ ಕಟ್ಟಬಾರದು. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಹೊರಡಿಸಿದ ನೇರ ಮಾರಾಟ ನಿಯಮಗಳ ಪ್ರಕಾರ, ಕಂಪನಿಯು ಮಾರಾಟಗಾರರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಸೇರ್ಪಡೆಗೆ ಶುಲ್ಕ ಕೇಳಬಾರದು, ಮತ್ತು ಸೇರಿದವರು ಮನಸ್ಸು ಬದಲಿಸಿದರೆ ದಂಡವಿಲ್ಲದೆ ಒಪ್ಪಂದದಿಂದ ಹೊರಬರಲು ನ್ಯಾಯವಾದ ಕಾಲಾವಕಾಶ ಕೊಡಬೇಕು. ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ಯೋಜನೆಯನ್ನಾಗಲಿ (ಸರಕಿನ ಮಾರಾಟಕ್ಕಿಂತ ಹೊಸಬರನ್ನು ಸೇರಿಸುವುದರಿಂದಲೇ ಲಾಭ ಸಿಗುವಂಥದ್ದು) ಹಣ ಚಲಾವಣೆಯ ಯೋಜನೆಯನ್ನಾಗಲಿ (ಸದಸ್ಯರನ್ನು ಸೇರಿಸಿದರೆ ಬೇಗ ಹಣ ಸಿಗುತ್ತದೆ ಎನ್ನುವಂಥದ್ದು) ನಡೆಸುವುದಕ್ಕೂ ಅದಕ್ಕೆ ಜನರನ್ನು ಸೇರಿಸುವುದಕ್ಕೂ ಅದೇ ನಿಯಮಗಳಲ್ಲಿ ನಿಷೇಧವಿದೆ. ಹಣ ಚಲಾವಣೆಯ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆಯೇ ನಿಷೇಧಿಸಿದ್ದು, ಅಂಥ ಯೋಜನೆಗೆ ಸದಸ್ಯರನ್ನು ಸೇರಿಸಿದವರೂ ಅಪರಾಧಿಗಳಾಗುತ್ತಾರೆ. ಅಂದರೆ ಚಿಕ್ಕಮ್ಮನನ್ನು ಇಂಥದ್ದಕ್ಕೆ ಸೇರಿಸಿದವರು, ನನಗೇನೂ ಗೊತ್ತಿರಲಿಲ್ಲ, ನಾನೂ ಮೋಸಹೋದವಳೇ ಎಂದು ಹೇಳಿ ಸುಲಭವಾಗಿ ಕೈತೊಳೆದುಕೊಳ್ಳಲಾಗುವುದಿಲ್ಲ. ‘ಸ್ಟಾರ್ಟರ್ ಕಿಟ್’ ಎಂದು ಏಳೆಂಟು ಸಾವಿರ ರೂಪಾಯಿ ಕಟ್ಟಿಸಿಕೊಂಡು, ಇಬ್ಬರನ್ನು ಸೇರಿಸಿದರೆ ಹಾಕಿದ ಹಣ ವಾಪಸ್ ಎನ್ನುವ ಕಡೆ ಹೆಚ್ಚು ವಿಚಾರಿಸುವ ಅಗತ್ಯವೇ ಇಲ್ಲ. ಅಲ್ಲಿಂದ ನೀವೂ ಹೊರಬನ್ನಿ.

ಮೀಟಿಂಗ್‌ಗಳಲ್ಲಿ ಸೇರ್ಪಡೆಯ ಸರಪಳಿ ತೋರಿಸಲು ಬೋರ್ಡಿನ ಮೇಲೆ ಬಿಡಿಸುವ ವೃತ್ತಗಳ ಲೆಕ್ಕವನ್ನು ಒಮ್ಮೆ ಮನೆಯಲ್ಲಿ ಕುಳಿತು ಕೊನೆಯವರೆಗೂ ಮಾಡಿ ನೋಡಿ. ನೀವು ಆರು ಜನರನ್ನು ಸೇರಿಸುತ್ತೀರಿ, ಅವರು ತಲಾ ಆರು ಜನರನ್ನು, ಅವರ ಕೆಳಗಿನವರು ಮತ್ತೆ ತಲಾ ಆರು ಜನರನ್ನು ಎಂದು ಹೋದರೆ ಮೂರನೆಯ ಹಂತಕ್ಕೆ 216 ಜನ, ಆರನೆಯ ಹಂತಕ್ಕೆ 46,656 ಜನ ಬೇಕಾಗುತ್ತಾರೆ. ಹತ್ತನೆಯ ಹಂತವೊಂದಕ್ಕೇ 6 ಕೋಟಿ 4 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ತೊಟ್ಟಿಲ ಕೂಸಿನಿಂದ ಹಣ್ಣು ಮುದುಕರವರೆಗೆ ಸುಮಾರು 6 ಕೋಟಿ 11 ಲಕ್ಷ. ಆದ್ದರಿಂದ ಸೇರಿಸುವುದನ್ನೇ ಆದಾಯವೆಂದು ನಂಬಿದ ಸರಪಳಿಯಲ್ಲಿ ಕೊನೆಗೆ ಬಂದವರಿಗೆ ಸೇರಿಸಲು ಯಾರೂ ಉಳಿದಿರುವುದಿಲ್ಲ. ನಿಮ್ಮ ನೆಂಟರಿಷ್ಟರು ನಿಮ್ಮ ಕೆಳಗೇ ಇರುವುದರಿಂದ ಆ ಪೆಟ್ಟು ನಿಮಗಿಂತ ಮೊದಲು ಬೀಳುವುದು ಅವರಿಗೆ.

ಇದಾದ ಮೇಲೆ ನಿಮ್ಮದೇ ಲೆಕ್ಕಪುಸ್ತಕ ಸಿದ್ಧವಾಗಬೇಕು. ಕನಿಷ್ಠ ಆರು ತಿಂಗಳು ಸ್ವತಃ ಮಾರಿ, ಆ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಂದು ತಿಂಗಳು ಎಂಆರ್‌ಪಿ ದರದಲ್ಲಿ 12,000 ರೂಪಾಯಿಯ ಸರಕು ಮಾರಿದಿರಿ, ಅದನ್ನು ಡಿಪಿ ದರದಲ್ಲಿ, ಅಂದರೆ ಕಂಪನಿ ಮಾರಾಟಗಾರರಿಗೆ ಕೊಡುವ ದರದಲ್ಲಿ, 9,600ಕ್ಕೆ ತಂದಿದ್ದಿರಿ ಎಂದುಕೊಳ್ಳೋಣ. ಉಳಿದ 2,400ರಲ್ಲಿ ಸ್ಯಾಂಪಲ್‌ಗೆ 300, ಆಟೊ ಮತ್ತು ಕೊರಿಯರ್‌ಗೆ 350, ಗಿರಾಕಿ ಹಿಂದಿರುಗಿಸಿದ ಒಂದು ಡಬ್ಬಿಗೆ 200 ಕಳೆದರೆ ಕೈಗೆ ಬಂದದ್ದು 1,550. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಓಡಾಡುವ ಹೆಣ್ಣುಮಕ್ಕಳಿಗೆ ದಾರಿಯ ಖರ್ಚು ಇನ್ನಷ್ಟು ಇಳಿಯಬಹುದು. ಇದಕ್ಕೆ ಎಷ್ಟು ಗಂಟೆ ದುಡಿದಿರಿ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಬಹಳ ಜನ ಬರೆಯದೆ ಬಿಡುವ ಇನ್ನೊಂದು ಸಾಲಿದೆ: ಕಮಿಷನ್ ಪಡೆಯಲು ಕಂಪನಿ ಖರೀದಿಯ ಮೇಲೆ ಲೆಕ್ಕಹಾಕುವ ತಿಂಗಳ ಪಾಯಿಂಟ್ ತುಂಬಿಸುವುದಕ್ಕಾಗಿ ತಮಗೆ ತಾವೇ ಕೊಂಡ ಸರಕು. ಗಿರಾಕಿಯಿಲ್ಲದೆ ಮಂಚದ ಕೆಳಗೆ ಸೇರಿದ ಶಾಂಪೂ ಬಾಟಲಿಗಳು ಮಾರಾಟದ ಲೆಕ್ಕಕ್ಕೆ ಬರುವುದಿಲ್ಲ, ಅವು ಖರ್ಚು. ಈ ಹಾಳೆಯನ್ನು ಬಂಧುಗಳಿಗೆ ತೋರಿಸಲು ನಿಮಗೆ ಸಂಕೋಚವಾದರೆ ಅವರನ್ನು ಕರೆಯುವ ಕಾಲ ಇನ್ನೂ ಬಂದಿಲ್ಲ.

ಪಟ್ಟಿಯಲ್ಲಿರುವ ಎಲ್ಲರನ್ನೂ ಕರೆಯಬೇಕಾಗಿಲ್ಲ. ಆರೇಳು ತಿಂಗಳಿಂದ ನಿಮ್ಮಿಂದ ಸರಕು ಕೊಂಡು, ಹಣ ಕೊಟ್ಟು, ತಾವಾಗಿಯೇ ಮತ್ತೆ ಕೇಳಿದವರು ಎಲ್ಲರಿಗಿಂತ ಯೋಗ್ಯರು. ಸರಕಿನ ಗುಣದೋಷ ಅವರಿಗೆ ಗೊತ್ತಿರುತ್ತದೆ. ನೆರೆಹೊರೆಯವರು ಕೇಳಿದಾಗ ಅವರ ಮಾತಿಗೆ ತೂಕವಿರುತ್ತದೆ. ಸಾಲದಲ್ಲಿರುವವರನ್ನು, ಕೆಲಸ ಕಳೆದುಕೊಂಡು ಏನಾದರೂ ಸರಿ ಎಂಬ ಸ್ಥಿತಿಯಲ್ಲಿರುವವರನ್ನು, ಇತ್ತೀಚೆಗೆ ಗಂಡನನ್ನು ಕಳೆದುಕೊಂಡು ವಿಮೆಯ ಹಣ ಕೈಗೆ ಬಂದಿರುವವರನ್ನು ದಯವಿಟ್ಟು ಕರೆಯಬೇಡಿ. ಅವರಿಗೆ ಬೇಕಾಗಿರುವುದು ಖಚಿತವಾದ ವರಮಾನ. ಈ ಕೆಲಸ ಅದನ್ನು ಕೊಡುವುದಿಲ್ಲ. ನಿಮ್ಮ ಮನೆಗೆ ಹೆಣ್ಣು ಕೊಟ್ಟವರು, ನಿಮ್ಮ ಗಂಡನ ಕೈಕೆಳಗೆ ದುಡಿಯುವ ತಮ್ಮಂದಿರು, ಹೀಗೆ ನಿಮಗೆ ಇಲ್ಲ ಎನ್ನಲು ಆಗದವರನ್ನೂ ಬಿಡಬೇಕು. ಸರ್ಕಾರಿ ನೌಕರರಾಗಿರುವ ಬಂಧುಗಳು ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿಯಿಲ್ಲದೆ ವ್ಯಾಪಾರ ನಡೆಸುವಂತಿಲ್ಲ. ಉದಾಹರಣೆಗೆ, ಸರ್ಕಾರಿ ಶಾಲೆಯ ಮೇಷ್ಟ್ರ ಬದಲು ಅವರ ಹೆಂಡತಿಯ ಹೆಸರಿನಲ್ಲಿ ಐಡಿ (ಮಾರಾಟಗಾರರ ನೋಂದಣಿ) ಮಾಡಿಸಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಆಕೆ ತಾನೇ ಮಾರುವವಳಾಗಿದ್ದರೆ ಅದು ಬೇರೆ ಮಾತು. ಹೆಸರು ಮಾತ್ರ ಆಕೆಯದು, ಓಡಾಟ ಮೇಷ್ಟ್ರದು ಎಂದಾದರೆ ಅವರ ನೌಕರಿಗೇ ಕುತ್ತು.

ಕರೆಯುವ ಸಂದರ್ಭವೂ ಮುಖ್ಯ. ಸೀಮಂತ, ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆಗಳಲ್ಲಿ ಈ ಮಾತು ಎತ್ತಲೇಬಾರದು. ಅರಿಶಿನ ಕುಂಕುಮಕ್ಕೆಂದು ಕರೆದು, ಬಂದವರ ಮುಂದೆ ಕ್ಯಾಟಲಾಗ್ ಹರಡುವುದಂತೂ ಕರೆದವರ ಮಾನವನ್ನೇ ಕಳೆಯುತ್ತದೆ. ನೇರ ಮಾರಾಟ ನಿಯಮಗಳು ಗ್ರಾಹಕರ ಮನೆಗೆ ಹೋಗುವಾಗ ಗುರುತಿನ ಚೀಟಿ ಮತ್ತು ಮುಂಚಿತ ಒಪ್ಪಿಗೆ ಇರಬೇಕೆನ್ನುತ್ತವೆ. ಬಂಧುಗಳ ಮನೆಯೆಂದು ಆ ಒಪ್ಪಿಗೆಯನ್ನು ಬಿಟ್ಟುಕೊಡಬಾರದು. ಫೋನ್ ಮಾಡಿ, ವಿಷಯ ಇಂಥದ್ದೇ ಎಂದು ಮೊದಲೇ ಹೇಳಿ. ಮಾತು ಸುಮಾರಾಗಿ ಹೀಗಿದ್ದರೆ ಸಾಕು: “ಅತ್ತಿಗೆ, ನಾನು ಮಾರುವ ಲಿಕ್ವಿಡ್ ನೀವು ಆರು ತಿಂಗಳಿಂದ ಬಳಸ್ತಾ ಇದ್ದೀರಿ. ನಿಮ್ಮ ಬೀದಿಯಲ್ಲಿ ನೀವೇ ಮಾರಬಹುದಾ ಅಂತ ಕೇಳೋಣ ಅನ್ನಿಸಿತು. ನೀವು ಸೇರಿದರೆ ನಿಮ್ಮ ವ್ಯಾಪಾರದ ಮೇಲೆ ನನಗೂ ಸ್ವಲ್ಪ ಕಮಿಷನ್ ಬರುತ್ತೆ, ಅದನ್ನು ಮುಚ್ಚಿಡಲ್ಲ. ನನ್ನ ಆರು ತಿಂಗಳ ಲೆಕ್ಕ ತೋರಿಸ್ತೀನಿ. ಅಣ್ಣನ ಹತ್ತಿರ ಮಾತಾಡಿ, ಹದಿನೈದು ದಿನ ಬಿಟ್ಟು ಹೇಳಿ. ಬೇಡ ಅಂದರೂ ನಮ್ಮಿಬ್ಬರ ಮಧ್ಯೆ ಏನೂ ಬದಲಾಗಲ್ಲ.” ಕಮಿಷನ್ನಿನ ಮಾತನ್ನು ನೀವೇ ಹೇಳಬೇಕು. ಅದು ಬೇರೆಯವರ ಬಾಯಿಂದ ತಿಳಿದ ದಿನ, ನೀವು ಹೇಳಿದ ಒಳ್ಳೆಯ ಮಾತುಗಳ ಮೇಲೂ ಅನುಮಾನ ಬರುತ್ತದೆ. ಹದಿನೈದು ದಿನದೊಳಗೆ ನೆನಪಿಸಲು ಫೋನ್ ಮಾಡಬೇಡಿ; ಒಮ್ಮೆ ಬೇಡ ಎಂದ ಮೇಲೆ ಮತ್ತೆ ಕೇಳಬೇಡಿ. ಒಪ್ಪಿದವರನ್ನು ಕೂಡ ಮೊದಲ ದಿನವೇ ಸೀನಿಯರ್‌ಗಳ ಮೀಟಿಂಗ್‌ಗೆ ಕರೆದೊಯ್ಯದೆ, ಒಪ್ಪಂದದ ಕಾಗದವನ್ನು ಅವರ ಮನೆಯಲ್ಲೇ ಕುಳಿತು ಓದಿಸಿ.

ಸರಕಿನ ಬಗ್ಗೆ ಆಡುವ ಮಾತಿನಲ್ಲಿ ಬಂಧುಗಳೊಂದಿಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅವರು ಲೇಬಲ್ ಓದದೆ ನಿಮ್ಮನ್ನು ನಂಬುತ್ತಾರೆ. ಪೌಷ್ಟಿಕ ಪುಡಿಯಿಂದ ಸಕ್ಕರೆ ಕಾಯಿಲೆ ಗುಣವಾಯಿತು, ಮಂಡಿನೋವು ಹೋಯಿತು ಎಂಬ ವಾಟ್ಸ್ಆ್ಯಪ್ ವಿಡಿಯೊಗಳನ್ನು ಕಳುಹಿಸಲೇಬಾರದು. ಕಂಪನಿ ಅಧಿಕೃತವಾಗಿ ಹೇಳದ ಗುಣವನ್ನು ಮಾರಾಟಗಾರರು ಹೇಳುವಂತಿಲ್ಲ, ಕಂಪನಿ ಒಪ್ಪದ ಪ್ರಚಾರ ಸಾಮಗ್ರಿಯನ್ನು ಹಂಚುವಂತಿಲ್ಲ ಎಂದು ನಿಯಮವೇ ಇದೆ. ದೊಡ್ಡಪ್ಪ ಆ ಮಾತು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಆಗುವ ಹಾನಿಯನ್ನು ಯಾವ ಕಂಪನಿಯೂ ತುಂಬಿಕೊಡಲಾರದು.

ಹಣಕಾಸಿನಲ್ಲಿ ಸಡಿಲ ಬಿಡಬಾರದು. ಐಡಿ ಮಾಡಿಸಲು ಬೇಕಾದ ಪ್ಯಾನ್ ಮತ್ತು ಬ್ಯಾಂಕ್ ವಿವರಗಳನ್ನು ಬಂಧುಗಳೇ ತಮ್ಮ ಫೋನಿನಲ್ಲಿ ತುಂಬಲಿ. ಅವರ ಪಾಸ್‌ವರ್ಡ್ ನಿಮಗೆ ತಿಳಿದಿರಬಾರದು, ಒಟಿಪಿ ಕೇಳಬಾರದು. ನಿಮ್ಮ ಪಾಯಿಂಟ್ ಕಡಿಮೆಯಾದ ತಿಂಗಳು ಅವರ ಐಡಿಯಲ್ಲಿ ಸರಕು ಕೊಳ್ಳುವ ಅಭ್ಯಾಸ ಆರಂಭವಾಗುವುದೇ ಇಲ್ಲಿಂದ. ಮೊದಲ ಸರಕಿಗೆ ಅವರು ಒಡವೆ ಅಡವಿಡುವುದಾಗಲಿ ಸ್ವಸಹಾಯ ಸಂಘದ ಸಾಲ ಎತ್ತುವುದಾಗಲಿ ಬೇಡ. ಗಿರಾಕಿಯಿಂದ ಆರ್ಡರ್ ಬಂದ ಮೇಲೆ ಅಷ್ಟನ್ನೇ ತರಿಸಲಿ. ಬಂಧುಗಳ ನಡುವೆ ಉದ್ರಿ ಎಷ್ಟು ಬೇಗ ಬೆಳೆಯುತ್ತದೆ ಎಂಬುದು ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎನ್ನುವ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ನಗದು ಅಥವಾ ಯುಪಿಐ, ಎರಡರಲ್ಲೊಂದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಸೇರಿಸಿದ ಮೇಲೆ ಮೊದಲ ನಾಲ್ಕೈದು ಗಿರಾಕಿಗಳ ಮನೆಗೆ ಜೊತೆಯಲ್ಲಿ ಹೋಗಿ. ಸರಕು ತೋರಿಸುವುದು, ಬೆಲೆ ಹೇಳುವುದು, ಬಿಲ್ ಕೊಡುವುದು, ಹಿಂದಿರುಗಿಸುವ ನಿಯಮ ವಿವರಿಸುವುದು, ಇವು ನೋಡಿ ಕಲಿಯುವ ಕೆಲಸಗಳು. ಒಂದೇ ಊರಿನಲ್ಲಿದ್ದರೆ ಯಾವ ಬೀದಿ ಯಾರದು, ಎರಡೂ ಕಡೆಯ ನೆಂಟರಿಗೆ ಯಾರು ಮಾರುವುದು ಎಂಬುದನ್ನು ಆಗಲೇ ಮಾತಾಡಿಕೊಳ್ಳಿ. ಅತ್ತೆಯ ತವರಿನವರು ಯಾರ ಗಿರಾಕಿ ಎಂಬಷ್ಟು ಸಣ್ಣ ವಿಷಯಕ್ಕೆ ಓರಗಿತ್ತಿಯರ ನಡುವೆ ಮಾತು ನಿಂತುಹೋಗುವುದುಂಟು. ಅವರ ತಿಂಗಳ ಮಾರಾಟದ ಅಂಕಿಯನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು ಹೊಗಳಿಕೆಗೂ ಬೇಡ, ಹುರಿದುಂಬಿಸಲೂ ಬೇಡ.

ಆರು ತಿಂಗಳಾದ ಮೇಲೆ ಇಬ್ಬರೂ ಕುಳಿತು, ನಿಮ್ಮದರಂತೆಯೇ ಅವರ ಹಾಳೆಯನ್ನೂ ನೋಡಿ. ಗಂಟೆಯ ಲೆಕ್ಕದಲ್ಲಿ ಕೈಗೆ ಏನೂ ಬರುತ್ತಿಲ್ಲವಾದರೆ ಬಿಟ್ಟುಬಿಡಿ ಎಂದು ನೀವೇ ಹೇಳಬೇಕು. ಅವರ ಬಾಯಿಂದ ಆ ಮಾತು ಬರಲೆಂದು ಕಾಯಬಾರದು. ಉಳಿದ ಸರಕನ್ನು ಒಪ್ಪಂದದ ಪ್ರಕಾರ ಕಂಪನಿ ಹಿಂಪಡೆಯುವುದಾದರೆ ಅರ್ಜಿ ಹಾಕಲು ನೆರವಾಗಿ, ಪಡೆಯದಿದ್ದರೆ ಮುದ್ರೆ ಒಡೆಯದ ಡಬ್ಬಿಗಳನ್ನು ಅವರು ಕೊಟ್ಟ ಬೆಲೆಗೇ ನೀವು ಕೊಂಡುಕೊಳ್ಳಿ. ಐಡಿ ರದ್ದುಮಾಡುವ ಕೋರಿಕೆ ಇಮೇಲಿನಲ್ಲಿ ಹೋಗಿ, ಉತ್ತರ ಬರುವವರೆಗೆ ಅದರ ಪ್ರತಿಯನ್ನು ಇಟ್ಟುಕೊಂಡಿರಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿಯು ದೂರು ಬಂದ 48 ಕೆಲಸದ ಗಂಟೆಗಳಲ್ಲಿ ಸ್ವೀಕೃತಿ ನೀಡಬೇಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಹಾಗಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಸೇರಿಸಿದವರು ನೀವಾದ್ದರಿಂದ ಆ ಕರೆಯ ಹೊತ್ತಿನಲ್ಲಿ ಕಾಗದಪತ್ರಗಳೊಂದಿಗೆ ಅವರ ಪಕ್ಕದಲ್ಲಿ ಕುಳಿತಿರಿ.